ನಾನೂರಾ ಹನ್ನೆರಡು ಮಂದಿ, ಒಂದು ಸೌಟು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಇಂಥ ಕಥೆಯಲ್ಲಿ ಹೊಳೆ ಇರಲೇಬೇಕು, ಇದೆ. ಬೇವಿನ ಮರವೂ ಇದೆ. ಗುರುಗಳ ಹೆಸರು ಮುರಿಗೆಯ್ಯನವರು. ಸುತ್ತಲಿನ ಊರವರಿಗೆಲ್ಲ ಅವರು ಅಜ್ಜಾರು.

ಶಿಷ್ಯ ಕಲ್ಮೇಶ. ವಯಸ್ಸು ಮೂವತ್ತರ ಆಸುಪಾಸು. ಮೂರು ವರ್ಷದ ಹಿಂದೆ ಬಂದಾಗ ಅವನು ಕೇಳಿದ್ದು ಒಂದೇ ಮಾತು.

"ಅಜ್ಜಾರ, ನನ್ನ ಮನಸ್ಸು ನನ್ನ ಮಾತ ಕೇಳುವಂಗ ಆಗಬೇಕ್ರಿ."

ಅಜ್ಜಾರು ಮಂತ್ರ ಕೊಡಲಿಲ್ಲ. ದಾಸೋಹದಲ್ಲಿ ಮಜ್ಜಿಗೆ ಬಡಿಸುವ ಕೆಲಸ ಕೊಟ್ಟರು.

ಆಮೇಲೆ ಭಕ್ತರು ಹೆಚ್ಚಾದರು. ದಾಸೋಹ ಯಾವತ್ತು, ಯಾರ ಸೇವೆ ಎಂದು ತಿಳಿಸಲು ಫೋನಿನಲ್ಲಿ ಒಂದು ಗ್ರೂಪು ಆಯಿತು. ಕಲ್ಮೇಶನೇ ಅದರ ಅಡ್ಮಿನ್. ಮೊದಮೊದಲು ಆ ಗ್ರೂಪು ದಾಸೋಹದ ದಿನವನ್ನೇ ತಿಳಿಸುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ತಾಟನ್ನು ಬೂದಿ ಹಚ್ಚಿ ತೊಳೆಯುತ್ತಿದ್ದರು. ಕಲ್ಮೇಶ ಫೋನು ಹಿಡಿದು ಬಂದ.

"ಅಜ್ಜಾರ, ಬಾಳವ್ವನ್ನ ಕಳಿಸಬೇಕಾಗೇತ್ರಿ."

"ಎಲ್ಲಿಗೆ?"

"ಎಲ್ಲಿಗಂದ್ರ... ಹೊರಗ್ರಿ. ಆಶ್ರಮದಿಂದ."

ಬಾಳವ್ವ ಆಶ್ರಮದ ಅಡುಗೆಯಾಕೆ. ಗಂಡ ತೀರಿಕೊಂಡ ವರ್ಷ ಬಂದವಳು, ಇಪ್ಪತ್ತೆರಡು ವರ್ಷದಿಂದ ಅದೇ ಒಲೆಯ ಮುಂದೆ ಕೂತಿದ್ದಾಳೆ. ಹೋಗಲು ತವರಿಲ್ಲ, ಕರೆಯಲು ಮಕ್ಕಳಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯೇ ಅವಳ ಮನೆ.

"ಯಾರ ಅಂದ್ರು?" ಎಂದರು ಅಜ್ಜಾರು.

"ಎಲ್ಲಾರೂ ಅಂದಾರ್ರಿ. ಗ್ರೂಪಿನ್ಯಾಗ ಮತಾ ಹಾಕಿಸಿದ್ನಿ. ಹೋಗಲಿ ಅಂದಾವ್ರು ನಾನೂರಾ ಹನ್ನೆರಡು."

"ಇರಲಿ ಅಂದಾವ್ರು?"

"ಒಬ್ರೂ ಇಲ್ರಿ."

ಅಜ್ಜಾರ ಕೈ ತಾಟಿನ ಮೇಲೆ ನಿಂತಿತು.

"ಒಬ್ರೂ ಇಲ್ಲಾ? ನಾಳೆ ಸೂರ್ಯಾ ಮೂಡತಾನ ಅಂತ ಕೇಳಿದ್ರೂ ನಾನೂರರಾಗ ನಾಕ ಮಂದಿ ಇಲ್ಲ ಅನ್ನಬೇಕಲ್ಲೋ."

"ವಿಡಿಯೊ ಹಂಗೈತ್ರಿ ಅಜ್ಜಾರ. ನೋಡಿದ್ರ ಯಾರೂ ಇರಲಿ ಅನ್ನೂದಿಲ್ಲ."

ಕಲ್ಮೇಶ ತೋರಿಸಿದ. ಹತ್ತೊಂಬತ್ತು ಸೆಕೆಂಡು. ದಾಸೋಹದ ಪಡಸಾಲೆ, ಹೆಬ್ಬಾಗಿಲ ಕಡೆಯಿಂದ ತೆಗೆದದ್ದು. ಸಾಲಿನ ಮೊದಲಲ್ಲಿ ಕೂತ ಮುದುಕನೊಬ್ಬ ಹುಗ್ಗಿಯ ಮೊದಲ ತುತ್ತು ಬಾಯಿಗಿಡುತ್ತಾನೆ. ಬಾಳವ್ವ ಸರಸರ ಬಂದು ಅವನ ಕೈಯಿಂದ ತಾಟು ಕಿತ್ತುಕೊಳ್ಳುತ್ತಾಳೆ. ಹಲ್ಲು ಕಚ್ಚಿದ ಮುಖ, ಬಿಗಿದ ಹುಬ್ಬು. ಅಲ್ಲಿಗೆ ಮುಗಿಯಿತು. ಕೆಳಗೆ 'ಹಸಿದವನ ತುತ್ತು ಕಸಿದ ಕೈ' ಎಂದು ಬರೆದಿತ್ತು.

"ಯಾರ ಹಾಕಿದ್ದು?"

"ಗುರುತಿಲ್ಲದ ನಂಬರ್ರಿ. ಯಾರೋ ಭಕ್ತರ ಇರಬೇಕು."

"ಇಪ್ಪತ್ತನೇ ಸೆಕೆಂಡಿನ್ಯಾಗ ಏನಾತು?"

ಕಲ್ಮೇಶನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

"ನೀನೂ ಒತ್ತಿದಿ?"

"ಒತ್ತಿದ್ನಿರಿ. ಹೋಗಲಿ ಅಂತ."

"ಎಷ್ಟನೇದಾವ?"

"ಗೊತ್ತಿಲ್ರಿ. ಇನ್ನೂರ ದಾಟಿತ್ತು."

"ಮತಾ ಹಾಕಿಸಿದಾವ ನೀನ. ಇನ್ನೂರ ಆಗೂತನಕ ನಿನ್ನ ಬೆರಳು ಏನ ಮಾಡಾಕತ್ತಿತ್ತು?"

ಕಲ್ಮೇಶನಿಗೆ ಸಿಟ್ಟು ಬಂತು. ಗುರುಗಳ ಮುಂದೆ ಬರಬಾರದು, ಆದರೆ ಬಂತು.

"ಅಜ್ಜಾರ, ನಾ ಬರೇ ಮಂದಿ ನೋಡಿ ಒತ್ತಿಲ್ರಿ. ಅವತ್ತ ನಾನೂ ಅಲ್ಲೇ ಇದ್ದೆ. ಮಜ್ಜಿಗಿ ಬಡಸಾಕ ನಿಂತಿದ್ದೆ. ಕಣ್ಣಾರೆ ಕಂಡೀನಿ. ಅಕಿ ಹಲ್ಲ ಕಚಗೊಂಡ ಆ ಮುದಕನ ತಾಟ ಕಸಗೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂಗೈತ್ರಿ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನಡಿ, ನೋಡೋಣು."

ಅಜ್ಜಾರು ಒದ್ದೆ ತಾಟು ಹಿಡಿದುಕೊಂಡೇ ಎದ್ದರು.

ಪಡಸಾಲೆ ಖಾಲಿಯಿತ್ತು. ಒಂದು ತುದಿಗೆ ಹೆಬ್ಬಾಗಿಲು, ಇನ್ನೊಂದು ತುದಿಗೆ ಕಲ್ಲಿನ ಕಂಬ.

"ಅವತ್ತ ನೀ ಎಲ್ಲಿ ನಿಂತಿದ್ದಿ?"

"ಈ ಕಂಬದ ಹತ್ರರಿ. ಮಜ್ಜಿಗಿ ಕೊಡಾ ಇಲ್ಲೇ ಇಟ್ಟಿದ್ದೆ."

"ನಿಂದ್ರು ಅಲ್ಲೇ."

ಕಲ್ಮೇಶ ನಿಂತ. ಅಜ್ಜಾರು ಹೆಬ್ಬಾಗಿಲ ಕಡೆಗೆ ನಡೆದರು. ಸಾಲಿನ ಮೊದಲ ಮಣೆಯ ಮುಂದೆ, ವಿಡಿಯೊದಲ್ಲಿ ಬಾಳವ್ವ ನಿಂತಿದ್ದ ಜಾಗದಲ್ಲೇ, ಬಾಗಿಲಿಗೆ ಮುಖ ಮಾಡಿ ನಿಂತರು. ತಾಟನ್ನು ಗಾಳಿಯಿಂದ ಕಿತ್ತುಕೊಂಡಂತೆ ಕಿತ್ತುಕೊಂಡರು.

"ಕಲ್ಮೇಶಾ, ನನ್ನ ಹಲ್ಲು ಕಾಣತಾವೇನು?"

ಕಲ್ಮೇಶನಿಗೆ ಕಂಡದ್ದು ಅಜ್ಜಾರ ಬೆನ್ನು. ಕಾವಿ ಅಂಗಿಯ ಮೇಲಿನ ತೇಪೆ. ಅಷ್ಟೇ.

ಅವನು ಎಡಕ್ಕೆ ಬಗ್ಗಿದ. ಬಲಕ್ಕೆ ಬಗ್ಗಿದ. ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಬೆನ್ನು ಬೆನ್ನೇ ಆಗಿತ್ತು.

"ಇಲ್ರಿ," ಎಂದ. ದನಿ ಸಣ್ಣಗಾಗಿತ್ತು.

"ಅಲ್ಲಿಂದ ಅವತ್ತ ನಿನಗ ಕಾಣಬೇಕಾಗಿದ್ದು ಮುದುಕನ ಮಾರಿ. ಅಂವಾ ನಿನ್ನ ಕಡೆ ಮಾರಿ ಮಾಡಿ ಕುಂತಿದ್ದ. ಅವನ ಮಾರಿ ಹೆಂಗಿತ್ತು ಹೇಳು."

ಕಲ್ಮೇಶ ಕಣ್ಣು ಮುಚ್ಚಿದ. ತಿರಕಪ್ಪಜ್ಜ ಎಂಬ ಆ ಮುದುಕನನ್ನು ಅವನು ದಿನಾ ನೋಡುತ್ತಾನೆ. ಆದರೆ ಆವತ್ತಿನ ಮುಖ ಬರಲಿಲ್ಲ. ಬಂದದ್ದು ಬಾಳವ್ವನ ಮುಖ, ಹೆಬ್ಬಾಗಿಲಿಂದ ಕಂಡಂತೆ.

"ನೆನಪಿಲ್ರಿ."

"ಕಂಡದ್ದು ನೆನಪಿಲ್ಲ. ಕಾಣದ್ದು ಕಣ್ಣಿಗೆ ಕಟ್ಟೇತಿ," ಎಂದರು ಅಜ್ಜಾರು.

ಕಲ್ಮೇಶನಿಗೆ ನಿಜವಾಗಿ ಭಯವಾಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಭಯ ಅದಲ್ಲ. ಅವನು ಸುಳ್ಳು ಹೇಳಿಯೇ ಇರಲಿಲ್ಲ. ತನ್ನ ತಲೆಯೊಳಗೆ ಯಾರೋ ಬಂದು ಸಾಮಾನು ಬದಲಿಸಿ ಹೋಗಿದ್ದಾರೆ, ತನಗೆ ಬಾಗಿಲ ಸಪ್ಪಳವೂ ಕೇಳಿಸಿಲ್ಲ, ಅಂಥ ಭಯ.

ತಟ್ಟನೆ ಅವನು ಹೇಳಿದ. "ಅಜ್ಜಾರ, ಈಗ ನೆನಪಾಗಾಕತ್ತೇತ್ರಿ! ಅಕಿ ಬೆನ್ನ ಹಿಂದ, ಸೆರಗಿನ ಮರಿಗೆ, ಇನ್ನೊಂದ ತಾಟ ಇತ್ತು. ಹೌದು, ಇತ್ರಿ! ಬಾಳವ್ವಂದು ತಪ್ಪಿಲ್ಲ."

ನಾನಾಗಿದ್ದರೆ ಇಲ್ಲಿ ಸಂತೋಷಪಟ್ಟು ಕಥೆ ಮುಗಿಸುತ್ತಿದ್ದೆ. ಅಜ್ಜಾರು ನನಗಿಂತ ಅನುಮಾನದ ಮನುಷ್ಯ.

"ಇದು ನೀ ಕಂಡದ್ದೋ, ನಾ ತಲಿ ಆಡಸಲಿ ಅಂತ ಹೇಳಿದ್ದೋ?"

ಕಲ್ಮೇಶ ಕಂಬದತ್ತ ತಿರುಗಿ ನೋಡಿದ.

"ನಿನ್ನೆ ನಾನೂರ ಮಂದಿ ಹೇಳಿದ್ದು ನಿನಗ ಕಂಡತು. ಇವತ್ತ ನನಗ ಬೇಕಾಗಿದ್ದು ಕಾಣಾಕತ್ತೇತಿ."

"ಹಂಗಾರ ನನ್ನದು ಅನ್ನೂದು ಏನ ಉಳೀತ್ರಿ ಅಜ್ಜಾರ?" ಕಲ್ಮೇಶನ ಕಣ್ಣು ತುಂಬಿತ್ತು. "ಕಣ್ಣ ನನ್ನದಲ್ಲ, ನೆನಪ ನನ್ನದಲ್ಲ, ಬೆರಳಂತೂ ಮೊದಲ ನನ್ನದಲ್ಲ."

"ಕಾಲ ಅದಾವಲ್ಲ."

"ಕಾಲು?"

"ಅಡಗಿಮನಿ ಇಲ್ಲಿಂದ ಮೂವತ್ತ ಹೆಜ್ಜಿ. ನಾನೂರಾ ಹನ್ನೆರಡ ಮಂದ್ಯಾಗ ಅಲ್ಲೀತನಕ ಹೋದಾವ್ರು ಒಬ್ಬರಾದ್ರೂ ಇದ್ದಾರೇನು?"

ಅಜ್ಜಾರು ತಾಟು ಒರೆಸುತ್ತ ಹೊಳೆಯ ಕಡೆಗೆ ನಡೆದರು.

ಅಡುಗೆಮನೆಯಲ್ಲಿ ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಮೂಲೆಯಲ್ಲಿ ಒಂದು ಬಟ್ಟೆಯ ಗಂಟು ಕಟ್ಟಿಟ್ಟಿತ್ತು. ಅವಳ ಹತ್ತಿರ ಫೋನಿಲ್ಲ. ಸುದ್ದಿ ಮಾತ್ರ ತಲುಪಿತ್ತು.

"ಬಾ ತಮ್ಮಾ. ಗುರುವಾರ ಹನ್ನೆರಡರ ಬಸ್ಸಿಗೆ ಹೋಗಬೇಕಂತಲ್ಲ ನಾ. ನೀನ ಗ್ರೂಪಿನ್ಯಾಗ ಬರದೀಯಂತ."

ಕಲ್ಮೇಶ ನೆಲದ ಮೇಲೆ ಕೂತ.

"ಯವ್ವಾ, ಅವತ್ತ ಏನಾತು?"

ಬಾಳವ್ವ ಅವನನ್ನೇ ನೋಡಿದಳು. ಬಡಿಯುತ್ತಿದ್ದ ಕೈ ನಿಂತಿತು.

"ಎಂಟ ದಿನಾ ಆತು. ಇದನ್ನ ಕೇಳಿದಾವ ನೀನ ಮೊದಲನೇದಾವ. ಹೇಳತೀನಿ. ಆದ್ರ ಆ ಫೋನಿನ್ಯಾಗ ಹಾಕಬಾರದು. ಯಾರ ಮುಂದೂ ಆಡಬಾರದು."

"ಆತು."

"ಒಲಿ ಮುಟ್ಟಿ ಹೇಳು."

ಕಲ್ಮೇಶ ಒಲೆಯ ಅಂಚು ಮುಟ್ಟಿದ. ಬೆರಳು ಚುರ್ ಎಂದಿತು.

ಆಶ್ರಮದಲ್ಲಿ ಒಂದು ಪದ್ಧತಿ ಉಂಟು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯನಿಗೆ ಮೊದಲು ಬಡಿಸುತ್ತಾರೆ. ಅವನು ಮೊದಲ ತುತ್ತು ಉಂಡ ಮೇಲೆಯೇ ಉಳಿದವರಿಗೆ ಬಡಿಸುವುದು. ಆವತ್ತಿನ ಹಿರಿಯ ತಿರಕಪ್ಪಜ್ಜ.

"ಹುಗ್ಗಿ ಬಾಯಿಗಿಟ್ಟು ಮಾರಿ ಕಿವಚಿದ," ಎಂದಳು ಬಾಳವ್ವ. "ನನಗ ತಿಳೀತು. ಹುಗ್ಗಿ ಹಳಸೇತಿ. ಗದಿಗೆಪ್ಪ ಸಾವ್ಕಾರ್ರು ಮನ್ಯಾಗ ಮಾಡಿಸಿ ಹಿಂದಿನ ದಿನಾನ ಮುಚ್ಚಿಟ್ಟಿದ್ದು. ಬ್ಯಾಸಗಿ, ತಡೀಲಿಲ್ಲ. ಅವರವ್ವನ ವರ್ಷದ ದಾಸೋಹ. ಅವರು ಅಲ್ಲೇ ಬಾಗಲದಾಗ ಕೈ ಮುಗಕೊಂಡ ನಿಂತಾರ. ಹಳಸೇತಿ ಅಂತ ಒದರಲೇನು? ತಾಯಿ ಹೆಸರಿಂದು. ಜೀವಾ ಇರೂತನಕ ಮರೀತಿದ್ರೇನು?"

"ಅದಕ್ಕ ತಾಟ ಕಸಗೊಂಡಿ."

"ಕಸಗೊಂಡ ಒಳಗ ಬಂದೆ. ಅಜ್ಜನ್ನ ಒಳಗ ಕರದು ಬಿಸಿ ನುಚ್ಚ ಹಾಕಿಕೊಟ್ಟೆ. ಹುಗ್ಗಿ ಸಾಲೂದಿಲ್ಲ ಅಂತ ಹೇಳಿ ಎಲ್ಲಾರಿಗೂ ನುಚ್ಚು, ಸಾರು ಬಡಸಿದ್ನಿ. ಆ ಪಾತೇಲಿ ದನದ ಕೊಟಗಿ ಹಿಂದ ಮಣ್ಣಾಗ ಹೋತು. ಇನ್ನೂರ ಮಂದಿ ಹೊಟ್ಟಿ ಉಳೀತು."

"ಇದನ್ನ ಹೇಳಿದ್ರ ಇವತ್ತ ನಿನ್ನ ಮ್ಯಾಲಿನ ಮಾತ ಹೋಗತೈತಲ್ಲ ಯವ್ವಾ!"

"ಹೋಗತೈತಿ. ಹೋಗಿ ಯಾರ ಮ್ಯಾಲ ಕುಂದ್ರತೈತಿ? ಸಾವ್ಕಾರ್ರ ಮ್ಯಾಲ. ಅವರನ್ನ ಬಿಟ್ಟಾರೇನು ಆ ನಾನೂರ ಮಂದಿ?"

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಕಲ್ಮೇಶ ಈಗ ಅನುಮಾನ ಕಲಿತಿದ್ದ. ಬೇವಿನ ಮರದ ಕೆಳಗೆ ಕೂತಿದ್ದ ತಿರಕಪ್ಪಜ್ಜನ ಹತ್ತಿರ ಹೋದ.

"ಅಜ್ಜಾ, ಆವತ್ತ ದಾಸೋಹದಾಗ ಏನ ಉಂಡಿ?"

"ನುಚ್ಚು," ಎಂದ ತಿರಕಪ್ಪಜ್ಜ. "ಮೊದಲ ಹುಗ್ಗಿ ಹಾಕಿದ್ರು. ಹುಳಿ ಹೊಡದಿತ್ತು. ಬಾಳವ್ವ ಚಲೋದ ಕೊಟ್ಲು. ಯಾಕೋ?"

ಅವನ ಹಸಿವಿಗಾಗಿ ನಾನೂರಾ ಹನ್ನೆರಡು ಮಂದಿ ಎಂಟು ದಿನದಿಂದ ಕುದಿಯುತ್ತಿದ್ದರು. ಅವನಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ.

ಕಲ್ಮೇಶ ಅಜ್ಜಾರ ಬಳಿಗೆ ಓಡಿದ.

"ತಿಳೀತ್ರಿ ಅಜ್ಜಾರ. ಆದ್ರ ಹೇಳುವಂಗಿಲ್ಲ, ಮಾತ ಕೊಟ್ಟೀನಿ. ಈಗ ನಾ ಏನ ಮಾಡ್ಲಿ?"

"ನನಗ ಕೇಳಬ್ಯಾಡ."

"ನೀವ ಒಂದ ಮಾತ ಬ್ಯಾಡ ಅಂದ್ರ ಅಕಿ ಉಳೀತಾಳ್ರಿ."

"ನಾ ಬ್ಯಾಡ ಅಂದ್ರ ನಾನೂರಾ ಹನ್ನೆರಡೂ ಮಂದಿ ಬ್ಯಾಡ ಅಂತಾರ. ಅದರಾಗ ಬ್ಯಾಡ ಅಂದಾವ ಯಾರು? ನಾ ಒಬ್ಬನ."

"ಹಂಗಾರ ಅಕಿ ಹೋಗಲೇನ್ರಿ?"

ಅಜ್ಜಾರು ಆಚೆ ತಿರುಗಿದರು. ಹೊಳೆಯಲ್ಲಿ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು. ಅವರು ಅದನ್ನು ನೋಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಕಲ್ಮೇಶ ಗ್ರೂಪಿನಲ್ಲಿ ಬರೆದ.

"ನಾನು ಆವತ್ತು ಅಲ್ಲಿದ್ದೆ. ಬಾಳವ್ವನ ಮುಖ ನನಗೆ ಕಂಡಿರಲಿಲ್ಲ. ವಿಡಿಯೊದಲ್ಲಿ ಕಂಡದ್ದನ್ನೇ ಕಂಡೆ ಎಂದುಕೊಂಡಿದ್ದೆ. ಇವತ್ತು ಹೋಗಿ ಕೇಳಿದೆ. ಆಕೆಯದು ತಪ್ಪಿಲ್ಲ. ಯಾಕೆ ಎಂದು ಹೇಳಲಾರೆ. ನನ್ನ ಮತ ಬದಲಿಸಿದ್ದೇನೆ."

ಹೋಗಲಿ, ನಾನೂರಾ ಹನ್ನೊಂದು. ಇರಲಿ, ಒಂದು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು.

"ಯಾಕೆ ಅಂತ ಹೇಳಲಾರೆಯಾ? ಹಾಗಾದರೆ ಇದೆ ಏನೋ ಒಳಗೆ," ಎಂದು ಒಬ್ಬರು ಬರೆದರು. "ಅಡ್ಮಿನ್‌ರಿಗೆ ಎರಡು ರೊಟ್ಟಿ ಹೆಚ್ಚಿಗೆ ಬೀಳುತ್ತವೆ," ಎಂದು ಇನ್ನೊಬ್ಬರು. ಅದಕ್ಕೆ ನಗುವ ಮುಖಗಳು ಸಾಲಾಗಿ ಬಂದವು. ನಿನ್ನೆಯವರೆಗೆ ಅವನನ್ನು 'ಕಲ್ಮೇಶ ಗುರುಗಳೇ' ಎನ್ನುತ್ತಿದ್ದವರು 'ಈ ಮನುಷ್ಯ' ಎನ್ನತೊಡಗಿದರು.

ಮೂವರು ಮಾತ್ರ ಅವನಿಗೆ ಬೇರೆಯಾಗಿ, ಗುಟ್ಟಾಗಿ ಬರೆದರು. ಮೂವರದೂ ಹೆಚ್ಚುಕಡಿಮೆ ಒಂದೇ ಮಾತು. "ನನಗೂ ಹಾಗೇ ಅನ್ನಿಸಿತ್ತು ಸರ್. ನನ್ನ ಹೆಸರು ಎಲ್ಲೂ ಬೇಡ."

ಸಂಜೆ ಗದಿಗೆಪ್ಪ ಸಾಹುಕಾರರೇ ಫೋನು ಮಾಡಿದರು.

"ಏನ ಕಲ್ಮೇಶ, ನಮ್ಮವ್ವನ ವರ್ಷದ ದಿನಾ ಒಬ್ಬ ಮುದುಕನ್ನ ಉಪಾಸ ಎಬ್ಬಿಸಿದಾಕಿ ಅಕಿ. ಅಕಿ ಪರ ನಿಂತೀಯಲ್ಲ. ನಮ್ಮವ್ವನ ಆತ್ಮಾ ಏನಂದೀತು?"

ಕಲ್ಮೇಶನ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು ಸಾಕಿತ್ತು. ಸುಟ್ಟ ಬೆರಳನ್ನು ಅವನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದ.

"ತಪ್ಪ ತಿಳಕೋಬ್ಯಾಡ್ರಿ ಸಾವ್ಕಾರ್ರ. ನನಗ ಇಷ್ಟ ಹೇಳಾಕ ಬರತೈತಿ."

"ಹುಚ್ಚ ಅದೀ ನೀ," ಎಂದು ಸಾಹುಕಾರರು ಫೋನಿಟ್ಟರು.

ಮರುದಿನ ಬೆಳಿಗ್ಗೆ ಕಲ್ಮೇಶ ಬಾವಿಕಟ್ಟೆಯ ಮೇಲೆ ಫೋನು ನೋಡುತ್ತ ಕೂತಿದ್ದ. ಅಜ್ಜಾರು ಹಿಂದಿನಿಂದ ಬಂದರು.

"ಎಷ್ಟನೇ ಸರ್ತಿ ನೋಡಾಕತ್ತಿ?"

"ಎಣಿಸಿಲ್ರಿ."

"ಆ ಒಂದು ಎರಡ ಆತೇನು?"

ಕಲ್ಮೇಶ ತಲೆ ತಗ್ಗಿಸಿದ. ರಾತ್ರಿಯಿಂದ ಅವನು ನೋಡುತ್ತಿದ್ದದ್ದು ಅದನ್ನೇ.

"ಇನ್ನೂ ಒಂದ ಐತ್ರಿ."

"ನಾನೂರ ಮಂದಿ ಜೋಡಿ ಇರೂದು ಒಂದು ಚಟ. ಒಬ್ಬನ ಇರೂದೂ ಚಟಾ ಆಗತೈತಿ. ನೋಡಕೋ," ಎಂದು ಅಜ್ಜಾರು ಕೊಡ ಎತ್ತಿಕೊಂಡರು. "ಇದನ್ನೊಂದ ಬರಿ ಆ ಗ್ರೂಪಿಗೆ. ಗುರುವಾರ ಸೌಟಿನ ಪದ್ಧತಿ ನಡೀತೈತಿ ಅಂತ."

ಆ ಪದ್ಧತಿ ಹಳೆಯದು. ಕಲ್ಮೇಶ ಅದನ್ನು ಕೇಳಿದ್ದ, ಕಂಡಿರಲಿಲ್ಲ. ಆಶ್ರಮದಲ್ಲಿ ಯಾರನ್ನಾದರೂ ಕೆಲಸದಿಂದ ಬಿಡಿಸಬೇಕೆಂದರೆ, ಬಿಡಿಸಬೇಕು ಅನ್ನುವವನೇ ಹೋಗಿ ಅವರ ಕೆಲಸದ ಸಾಮಾನನ್ನು ಅವರ ಕೈಯಿಂದ ಇಸಿದುಕೊಳ್ಳಬೇಕು. ಕಸ ಗುಡಿಸುವವರಿಂದ ಪೊರಕೆ, ಅಡುಗೆಯವರಿಂದ ಸೌಟು. ಒಬ್ಬನೇ ಹೋಗಬೇಕು, ಮುಖ ನೋಡಿ ಕೇಳಬೇಕು. ಇಸಿದುಕೊಂಡ ಮೇಲೆ ಬೇರೆಯವರು ಸಿಗುವವರೆಗೆ ಆ ಕೆಲಸ ಅವನದೇ.

ಗುರುವಾರ ಬಂತು. ನಾನೂರಾ ಹನ್ನೊಂದು ಮಂದಿಯಲ್ಲಿ ಮೂವತ್ತೊಂದು ಮಂದಿ ಬಂದರು. ಉಳಿದವರಿಗೆ ಬಿಸಿಲಿತ್ತು, ಕೆಲಸವಿತ್ತು, ನೆಂಟರಿದ್ದರು.

ಮೂವತ್ತೊಂದು ಮಂದಿ ಗುಂಪಾಗಿ ಪಡಸಾಲೆಯಲ್ಲಿ ನಿಂತಾಗ ಅವರ ಮಾತು ಜೋರಾಗಿಯೇ ಇತ್ತು. ಅಡುಗೆಮನೆಯ ಬಾಗಿಲು ಗಿಡ್ಡ. ಒಬ್ಬೊಬ್ಬರೇ ತಲೆ ಬಗ್ಗಿಸಿ ಒಳಗೆ ಹೋಗಬೇಕು.

ಕಲ್ಮೇಶ ಹಿತ್ತಲ ಗೋಡೆಯಾಚೆ ನೀರು ಸೇದುತ್ತಿದ್ದ. ಒಳಗಿನ ಮಾತು ಅವನಿಗೆ ಕೇಳುತ್ತಿತ್ತು.

ಮೊದಲು ಹೋದವನು ಕೆಮ್ಮಿದ. "ಹೆಂಗದಿ ಬಾಳವ್ವ?"

"ಆರಾಮ ಅದೀನ್ರಿ. ಸೌಟ ಇಲ್ಲೈತಿ. ತಗೋರಿ."

"ನಂದೇನ ಇಲ್ಲವ್ವ. ಎಲ್ಲಾರೂ ಅಂತಾರ."

"ಹಂಗಾರ ಆ ಎಲ್ಲಾರನ್ನ ಕಳಸ್ರಿ. ಅವರ ಕೈಯಾಗ ಕೊಡತೀನಿ."

ಅವನು ಬರಿಗೈಯಲ್ಲಿ ಹೊರಗೆ ಬಂದ. ಎರಡನೆಯವನು ಹೋದ. ಅವನದೂ ಏನೂ ಇರಲಿಲ್ಲವಂತೆ, ಎಲ್ಲಾರೂ ಅಂತಾರಂತೆ. ಹತ್ತನೆಯವನ ಹೊತ್ತಿಗೆ ಬಾಳವ್ವನಿಗೆ ಬೇಸರ ಬಂದಿತ್ತು.

"ಎಲ್ಲಾರೂ ಅನ್ನಾವ ಇನ್ನೂ ಬಂದಿಲ್ಲೇನ್ರಿ? ಬಸ್ಸಿನ ಹೊತ್ತಾತು. ಲಗೂ ಬರಾಕ ಹೇಳ್ರಿ ಅವಗ."

ಕೊನೆಗೆ ಗದಿಗೆಪ್ಪ ಸಾಹುಕಾರರು ಹೋದರು. ಅವರ ದನಿ ಗಟ್ಟಿಯಾಗಿತ್ತು.

"ಕೊಡು ಸೌಟು."

ಕಲ್ಮೇಶನ ಕೈಯಲ್ಲಿ ಹಗ್ಗ ಹಾಗೇ ನಿಂತಿತು.

"ತಗೋರಿ," ಎಂದಳು ಬಾಳವ್ವ. "ಒಲಿ ಮ್ಯಾಲ ಬ್ಯಾಳಿ ಐತಿ, ತಳಾ ಹತ್ತೀತು, ನೋಡಕೋರಿ. ನಿಮ್ಮವ್ವಾರು ಬಂದಾಗೊಮ್ಮೆ ಇಲ್ಲೇ ಕುಂದರತಿದ್ರು. ನೀವ ಈಗ ನಿಂತೀರಲ್ಲ, ಅಲ್ಲೇ. ಕಟಕ ರೊಟ್ಟಿ, ಬೆಣ್ಣಿ, ಮತ್ತೇನೂ ಬ್ಯಾಡ ಅವರಿಗೆ. ಅವರ ವರ್ಷದ ದಿನಾ ಒಂದ ಎಡೀನ ನಾ ತಗದ ಇಟ್ಟಿದ್ನಿ, ರೊಟ್ಟಿ ಬೆಣ್ಣೀದು. ನಿಮಗ ಹೇಳಾಕಾಗಿದ್ದಿಲ್ಲ."

ಒಳಗೆ ಬೇಳೆ ಕುದಿಯುವ ಸಪ್ಪಳ ಮಾತ್ರ.

ಸಾಹುಕಾರರು ತಲೆ ಬಗ್ಗಿಸಿ ಹೊರಗೆ ಬಂದರು. ಕೈ ಖಾಲಿ. ಪಡಸಾಲೆಯಲ್ಲಿದ್ದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಇರಲಿ ಬಿಡ್ರಿ," ಎಂದರು ಅವರು.

"ಇರಲಿ ಬಿಡ್ರಿ," ಎಂದ ಪಕ್ಕದವನು.

"ಹೌದು, ಇರಲಿ ಬಿಡ್ರಿ. ನಾ ಮೊದಲಿಂದಾನೂ ಅದನ್ನ ಅಂತಿದ್ನಿ," ಎಂದ ಮತ್ತೊಬ್ಬ.

ಮೂವತ್ತೊಂದು ಮಂದಿಯೂ 'ಇರಲಿ ಬಿಡ್ರಿ' ಅಂದರು. ಹನ್ನೆರಡರ ಬಸ್ಸು ಹೊಳೆಯಾಚೆ ಹಾರ್ನು ಹೊಡೆದು ಹೋಯಿತು. ಎಲ್ಲರೂ ಸಾಲಾಗಿ ಕೂತು ಬಾಳವ್ವನ ಕೈಯ ಬೇಳೆ ಸಾರು ಉಂಡರು. ಗಂಟು ಬಿಚ್ಚಲು ಅವಳಿಗೆ ಸಂಜೆಯವರೆಗೂ ಪುರುಸೊತ್ತಾಗಲಿಲ್ಲ.

ಕಲ್ಮೇಶನಿಗೆ ಎದೆ ಹಗುರಾಯಿತು. ನನಗೂ ಆಯಿತು, ಸುಳ್ಳೇಕೆ ಹೇಳಲಿ. ಅಜ್ಜಾರು ಮಾತ್ರ ಆ ಮೂವತ್ತೊಂದು 'ಇರಲಿ ಬಿಡ್ರಿ'ಗಳನ್ನು ಕೇಳಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು.

ಅವರು ಅಂದುಕೊಂಡದ್ದೇ ಆಯಿತು. ಭಾನುವಾರ ಬೆಳಿಗ್ಗೆ ಗ್ರೂಪಿನಲ್ಲಿ ಹೊಸ ಮಾತು ಬಂತು. ಇಪ್ಪತ್ತೆರಡು ವರ್ಷ ಸೇವೆ ಮಾಡಿದ ಅನ್ನಪೂರ್ಣೆಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ಒಪ್ಪುವವರು ಒತ್ತಿರಿ. ಫೋನು ಟಿಣ್ ಟಿಣ್ ಎನ್ನತೊಡಗಿತು.

ಕಲ್ಮೇಶ ಮಾತನ್ನಷ್ಟೇ ಓದಿದ. ಕೆಳಗಿನ ಲೆಕ್ಕವನ್ನು ಹೆಬ್ಬೆರಳಿನಿಂದ ಮುಚ್ಚಿ ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಇಟ್ಟ. ಮೂವತ್ತು ಹೆಜ್ಜೆ ನಡೆದು ಅಡುಗೆಮನೆಗೆ ಹೋದ.

"ಯವ್ವಾ, ನಿನಗ ಶಾಲ ಹೊಚ್ಚತಾರಂತ. ಬೇಕೇನು?"

"ಶಾಲ ಹೊತಗೊಂಡ ಒಲಿ ಮುಂದ ಕುಂದ್ರಲೇನೋ? ಬೆಂಕಿ ಹತ್ತೀತು," ಎಂದು ಬಾಳವ್ವ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಮೊನ್ನೆ ಹೋಗು ಅಂದಾವ್ರು ಇವತ್ತ ಹಾರಾ ತರತಾರ. ನಾಳೆ ಏನ ತರತಾರೋ ಯಾರಿಗೆ ಗೊತ್ತು? ನನಗ ಅಂಜಿಕಿ ಆಗತೈತಿ ತಮ್ಮಾ. ಬ್ಯಾಡ ಅಂತ ಹೇಳು."

ಕಲ್ಮೇಶ ಬಂದು ಒಂದೇ ಸಾಲು ಬರೆದ. "ಬಾಳವ್ವನನ್ನು ಕೇಳಿದೆ, ಬೇಡ ಎಂದಳು." ಬರೆದು ಫೋನು ಬಂದ್ ಮಾಡಿದ. ಯಾರು ಏನೆಂದರೆಂದು ನೋಡಲಿಲ್ಲ. ನೋಡಬೇಕೆಂದೂ ಅನ್ನಿಸಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಕೈ ತನ್ನದೇ ಅನ್ನಿಸಿತು.

ಅವನು ಹೊಳೆಯ ಕಡೆಗೆ ಬಹುತೇಕ ಓಡಿದ.

ಅಜ್ಜಾರು ಮೆಟ್ಟಿಲ ಮೇಲೆ ಕೂತು ತಾಟು ತೊಳೆಯುತ್ತಿದ್ದರು.

"ಅಜ್ಜಾರ, ಈ ಸಲ ಮೊದಲ ಹೋಗಿ ಕೇಳಿದ್ನಿರಿ. ಎಷ್ಟ ಮಂದಿ ಒತ್ತ್ಯಾರ ಅಂತ ನೋಡೇ ಇಲ್ರಿ. ಬರದ ಮ್ಯಾಲೂ ನೋಡಿಲ್ಲ. ಇದು ಖರೇನ ನನ್ನ ಸ್ವಂತ ಮನಸ್ಸು. ಹೌದಲ್ರೀ?"

ಅವನು ಅವರ ಮುಖ ನೋಡುತ್ತ ನಿಂತ.

ಅಜ್ಜಾರು ತಾಟನ್ನು ನೀರಿನಲ್ಲಿ ಅದ್ದಿ, ಎತ್ತಿ, ಬಿಸಿಲಿಗೆ ಹಿಡಿದು ನೋಡಿದರು.

"ಹಂಗಾರ ಅದನ್ನ ನನಗ ಹೇಳಾಕ ಯಾಕ ಬಂದಿ?"